ನಾಲ್ಕು ಬೆರಳಿನ ಇಳಿಜಾರು

ಈ ವರ್ಷ ಜನವರಿಯ ಮೂರನೇ ಶನಿವಾರ ಮಧ್ಯಾಹ್ನ, ನಂಜನಗೂಡು ದಾಟಿ ಊಟಿ ರಸ್ತೆಯಲ್ಲಿರುವ ಒಳಾಂಗಣ ಮಿನಿ ಗಾಲ್ಫ್ ಮತ್ತು ಕಾಕ್‌ಟೇಲ್ ಬಾರಿನಲ್ಲಿ ನನ್ನ ಅಕ್ಕ ಮತ್ತು ಭಾವ ನೆಲದ ಮಟ್ಟ ನೋಡಿದರು. ಆಗ ಒಳಗೆ ಆಡುತ್ತಿದ್ದವರು ಹನ್ನೊಂದು ಜನ. ಮಟ್ಟ ನೋಡಿ ಮುಗಿಯುವವರೆಗೆ ಅವರೆಲ್ಲ ಕೈಯಲ್ಲಿ ಕೋಲು ಹಿಡಿದು ಗೋಡೆಗೆ ಒರಗಿ ನಿಂತಿದ್ದರು.

ಆ ನೆಲ ಹಾಕಿದ ಮೇಸ್ತ್ರಿ ಭಾವನೇ. ಮೊದಲು ಅದು ಅಕ್ಕಿ ಗೋದಾಮು. ಕಳೆದ ವರ್ಷ ಮುಂಗಾರಿಗೆ ಮುಂಚೆ ಹಳೆಯ ಕಲ್ಲುಚಪ್ಪಡಿ ಕಿತ್ತು, ನಲವತ್ತು ಅಡಿ ಉದ್ದಕ್ಕೂ ಹೊಸ ಕಾಂಕ್ರೀಟ್ ಹಾಕಿದ್ದರು. ಭಾವನ ಮಂಡಿ ಸವೆದಿದೆ. ಕುಕ್ಕರುಗಾಲಲ್ಲಿ ಕೂತರೆ ಏಳಲು ಯಾರದಾದರೂ ಹೆಗಲು ಬೇಕು. ಇನ್ನು ಅಂಥ ದೊಡ್ಡ ನೆಲ ಹಾಕುವುದಿಲ್ಲ, ಇದೇ ಕೊನೆ ಎಂದು ಆಗಲೇ ಹೇಳಿದ್ದರು. ದಸರಾ ಹೊತ್ತಿಗೆ ಅದರ ಮೇಲೆ ಹಸಿರು ಕೃತಕ ಹುಲ್ಲಿನ ಒಂಬತ್ತು ಪಟ್ಟಿಗಳನ್ನು ಅಂಟಿಸಿ, ಒಂದೊಂದು ಪಟ್ಟಿಯ ಕೊನೆಗೆ ಒಂದೊಂದು ಗುಂಡಿ ಮಾಡಿ, ಬಾಗಿಲು ತೆರೆದರು. ಭಾವ ಅದನ್ನು ನೋಡಿರಲಿಲ್ಲ.

ಶುಕ್ರವಾರ ಸಂಜೆ ಭಾವ ನನಗೆ ಫೋನ್ ಮಾಡಿದರು. ನಾನು ಮೈಸೂರಿನ ಪತ್ರಿಕಾ ಕಚೇರಿಯಲ್ಲಿ ಜಿಲ್ಲಾ ಪುಟ ನೋಡಿಕೊಳ್ಳುತ್ತೇನೆ. ಅದು ಪುಟ ಕಟ್ಟುವ ಹೊತ್ತು. ಆ ಹೊತ್ತಿಗೆ ಫೋನ್ ಮಾಡಬಾರದೆಂದು ಭಾವನಿಗೆ ಗೊತ್ತು.

"ನಾಳೆ ನಂಜನಗೂಡಿಗೆ ಬಾರವ್ವ," ಅಂದರು. "ಗೋಡೌನ್ ಓನರು ಕರ್ದವ್ರೆ. ನೆಲ ಒಡೀಬೇಕು ಅಂತಾವ್ರೆ."

"ಯಾಕಂತೆ?"

"ಚೆಂಡು ಒಂದೇ ಕಡೆಗೆ ವಾಲ್ತದಂತೆ. ಬೆಂಗಳೂರಿಂದ ಜನ ಕರ್ಸವ್ರೆ, ಸೋಮವಾರ ಮಿಷನ್ನು ತರ್ತಾರಂತೆ. ಒಂದ್ಸಲ ನೀವೇ ಬಂದು ನೋಡಿ ಮೇಸ್ತ್ರಿ, ಆಮೇಲೆ ಒಡೀತೀವಿ ಅಂದ್ರು."

ಆಮೇಲೆ, "ನಂಗೆ ವಯಸ್ಸಾಯ್ತು, ಕಣ್ಣು ಮೋಸ ಮಾಡ್ತು ಅಂತ ಏಳ್ಬುಡ್ತೀನಿ. ನೀನು ಪಕ್ದಲ್ಲಿದ್ದು ಒಡೀದಂಗೆ ಏನಾರ ಮಾತಾಡು. ನಿಮ್ಮಕ್ಕಂಗೆ ಏಳ್ಬೇಡ," ಅಂದರು.

ಮೂವತ್ತು ವರ್ಷದಲ್ಲಿ ಭಾವ ಹಾಕಿದ ಯಾವ ನೆಲವನ್ನೂ ಯಾರೂ ಒಡೆದಿಲ್ಲ. ಇದನ್ನು ನಾನು ಭಾವನ ಮಾತಿನ ಮೇಲೆ ಬರೆಯುತ್ತಿಲ್ಲ. ತಿರುಮಕೂಡಲಿನಿಂದ ನಂಜನಗೂಡಿಗೆ ಭಾವನ ಜೊತೆ ಬಸ್ಸಿನಲ್ಲಿ ಬಂದವರಿಗೆಲ್ಲ ಗೊತ್ತು. ಸುತ್ತೂರು ಬಂದರೆ ಕಿಟಕಿಯಿಂದ ಕೈ ಹೊರಗೆ ಹಾಕಿ ಒಂದು ಮನೆ ತೋರಿಸುತ್ತಾರೆ: "ಒಳಗೋಗಿ ನೋಡು, ಒಂದು ಬಿರುಕಿಲ್ಲ." ತಗಡೂರಿನ ಕಡೆ ಹೋದರೆ ಒಂದು ರೇಷ್ಮೆ ಮನೆ. ನಮ್ಮ ತವರು ಹೆಡತಲೆಯಲ್ಲಿ ನಮ್ಮದೇ ಕೊಟ್ಟಿಗೆ. ಜನ ಗೋಡೆ ನೋಡುತ್ತಾರೆ, ಸೂರು ನೋಡುತ್ತಾರೆ. ಭಾವ ಯಾರ ಮನೆಗೆ ಹೋದರೂ ಮೊದಲು ಚಪ್ಪಲಿ ಬಿಟ್ಟು ಪಾದದಿಂದ ನೆಲ ನೋಡುತ್ತಾರೆ.

ಶನಿವಾರ ಎರಡು ಗಂಟೆಗೆ ನಂಜನಗೂಡು ಬಸ್ ನಿಲ್ದಾಣದಲ್ಲಿ ನಾನು ಕಾಯುತ್ತಿದ್ದೆ. ಬಸ್ಸಿನಿಂದ ಭಾವ ಇಳಿದರು. ಅವರ ಹಿಂದೆಯೇ ಅಕ್ಕ ಇಳಿದಳು. ಮದುವೆಮನೆಗೆ ಉಡುವ ನೀಲಿ ಸೀರೆ, ತಲೆಗೆ ಕನಕಾಂಬರ. ಭಾವ ನನ್ನ ಮುಖ ನೋಡದೆ ಆಟೋ ಹುಡುಕಲು ಹೋದರು.

"ನೀನೂ ಬಂದ್ಯಾ?" ಅಂದೆ.

"ನಿಮ್ಮ ಬಾವ ಬೆಳಿಗ್ಗೆ ಎದ್ದು, ಸಂಬಂಧಿಕ್ರ ಮನೇಲಿ ಸಣ್ಣ ಕೆಲ್ಸ ಅದೆ ಅಂತು," ಅಂದಳು. "ಬ್ಯಾಗಿಗೆ ಪೈಪು ಆಕ್ಕತಿತ್ತು. ಸಂಬಂಧಿಕ್ರ ಮನೆಗೆ ಯಾರಾರ ಮಟ್ಟದ ಪೈಪು ತಗಂಡೋಯ್ತಾರೇನೇ? ಆ ಪೈಪಿನ ಇನ್ನೊಂದು ತುದಿ ಇವ್ರ ಅಪ್ಪ ಬಂದು ಇಡ್ಕತಾನಾ?"

ಮಟ್ಟದ ಪೈಪು ಎಂದರೆ ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು. ಒಬ್ಬರು ಒಂದು ತುದಿಯನ್ನು ಗೊತ್ತಾದ ಗೀಟಿಗೆ ಹಿಡಿದು ನಿಲ್ಲುತ್ತಾರೆ, ಇನ್ನೊಬ್ಬರು ಮತ್ತೊಂದು ತುದಿ ಹಿಡಿದು ಕೋಣೆಯ ಆಚೆಗೆ ಹೋಗುತ್ತಾರೆ. ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಆಚೆಯವರು ನೀರು ನಿಂತ ಜಾಗಕ್ಕೆ ಪೆನ್ಸಿಲ್ ಗೀಟು ಎಳೆಯುತ್ತಾರೆ. ಆ ಗೀಟುಗಳಿಂದ ಅಳೆದು ನೆಲ ಹಾಕುತ್ತಾರೆ. ಮದುವೆಯಾದ ವರ್ಷದಿಂದ ಭಾವನ ಪೈಪಿನ ಆಚೆ ತುದಿ ಅಕ್ಕನದು. ಈಗ ಲೇಸರ್ ಯಂತ್ರ ಬಂದಿದೆ. ಭಾವ ಕೊಂಡಿಲ್ಲ.

ಆಟೋದಲ್ಲಿ ಹೊರಟೆವು. ಗೋದಾಮಿನ ಮುಂದೆ ಇಳಿದಾಗ ಅಕ್ಕ ತಲೆಯೆತ್ತಿ ನೋಡಿದಳು. ತಗಡಿನ ಸೂರು ಹಾಗೇ ಇತ್ತು. ಅದರ ಕೆಳಗೆ ಗುಲಾಬಿ ಬಣ್ಣದ ದೀಪದಲ್ಲಿ ಬರೆದ ಒಂದು ಚೆಂಡು, ಒಂದು ಗಾಜಿನ ಲೋಟ.

"ನಮ್ಮ ನೆಲ," ಅಂದಳು. ಆಮೇಲೆ ಭಾವನ ಕಡೆ ತಿರುಗಿದಳು. ಭಾವ ಬ್ಯಾಗಿನ ಜಿಪ್ಪು ನೋಡುತ್ತಿದ್ದರು.

ಮಾಲೀಕನಿಗೆ ಮೂವತ್ತೈದು ಇರಬಹುದು. ಮೈಸೂರಿನವನು, ಗೋದಾಮು ಅವನ ತಂದೆಯ ಕಾಲದ್ದು. ಬಾಗಿಲಿಗೇ ಬಂದು, "ಬನ್ನಿ ಮೇಸ್ತ್ರಿ, ಬನ್ನಿ ಅಮ್ಮ," ಅಂದ. ನನ್ನನ್ನು ಭಾವ "ನಮ್ಮ ನಾದಿನಿ, ಪೇಪರ್ನಲ್ಲವ್ಳೆ" ಎಂದು ಪರಿಚಯಿಸಿದರು. ಮಾಲೀಕನ ಮುಖ ಸ್ವಲ್ಪ ಬಿಗಿಯಾಯಿತು. ನಾನು ರಜೆಯ ಮೇಲೆ ಬಂದಿದ್ದೇನೆ ಎಂದೆ.

"ಮೊದ್ಲು ಆಡಿ ನೋಡಿ," ಅಂದ ಅವನು. "ನಾನು ಹೇಳೋದಕ್ಕಿಂತ ಆಡಿದ್ರೇ ಗೊತ್ತಾಗೋದು. ಅದಕ್ಕೆ ಮುಂಚೆ ಏನಾದ್ರೂ ಕುಡೀರಿ."

ಭಾವ ಮೆಲ್ಲಗೆ ನನ್ನ ಕಿವಿಯಲ್ಲಿ, "ಬಾಟ್ಲಿ ಇಲ್ದೇ ಇರೋದು ಏಳವ್ವ," ಅಂದರು.

ಬಾರಿನವನು ಮದ್ಯವಿಲ್ಲದ ಮೂರು ಲೋಟ ತಂದಿಟ್ಟ. ನಂಜನಗೂಡಿನ ರಸಬಾಳೆಯದು, ಮೇಲೆ ಪುದಿನ, ಒಂದು ಕೊಡೆಯಂಥ ಕಾಗದ. ಅಕ್ಕ ಕೊಡೆ ತೆಗೆದು ಪಕ್ಕಕ್ಕಿಟ್ಟು ಒಂದು ಗುಟುಕು ಕುಡಿದಳು.

"ಇದು ಏಲಕ್ಕಿ ಬಾಳೆ," ಅಂದಳು.

"ಇಲ್ಲ ಅಮ್ಮ, ರಸಬಾಳೇನೇ. ಕಾರ್ಡಲ್ಲಿ ಬರೆದಿದೆ ನೋಡಿ."

"ಕಾರ್ಡು ರಸಬಾಳೆ ಕಣಪ್ಪ. ಲೋಟ ಏಲಕ್ಕಿ."

ಬಾರಿನವನು ನಕ್ಕು ಒಪ್ಪಿಕೊಂಡ. ರಸಬಾಳೆ ದಿನಾ ಸಿಗುವುದಿಲ್ಲವಂತೆ. ಅಕ್ಕ ಪೂರ್ತಿ ಕುಡಿದಳು.

ಒಳಗಿನ ವ್ಯವಸ್ಥೆ ಇಷ್ಟು: ಬಾಗಿಲು ನೈಋತ್ಯಕ್ಕೆ, ಬಾರಿನ ಕಟ್ಟೆ ಎದುರಿನ ಈಶಾನ್ಯ ಮೂಲೆಗೆ, ನೀರು ಹೊರಹೋಗುವ ಕಿಂಡಿಯೂ ಅದೇ ಮೂಲೆಗೆ. ನಡುವೆ ಒಂಬತ್ತು ಹುಲ್ಲುಪಟ್ಟಿಗಳು. ಪಟ್ಟಿಗಳ ನಡುವಿನ ದಾರಿಗೆ ಏನೂ ಹೊದಿಸಿರಲಿಲ್ಲ. ಅಲ್ಲಿ ಭಾವ ಹಾಕಿದ ನೆಲವೇ ಕಾಣುತ್ತಿತ್ತು, ಬೂದು ಬಣ್ಣ, ಕನ್ನಡಿಯ ಹಾಗೆ ನಯ. ಭಾವ ಚಪ್ಪಲಿ ಬಿಟ್ಟರು. ಗಾಲ್ಫ್ ಆಡುತ್ತಿದ್ದ ಕಾಲೇಜು ಹುಡುಗಿಯರಿಬ್ಬರು ಅದನ್ನು ನೋಡಿ, ಬಿಡಬೇಕೇನೋ ಎಂದು ತಾವೂ ಶೂ ಬಿಚ್ಚತೊಡಗಿದರು.

ಮೂರನೇ ಪಟ್ಟಿಯಲ್ಲಿ ಮೊದಲು ನಾನು ಹೊಡೆದೆ. ಗುಂಡಿಗೆ ನೇರವಾಗಿ ಹೊರಟ ಚೆಂಡು ಅರ್ಧ ದಾರಿಯಲ್ಲಿ ಬಲಕ್ಕೆ ಸರಿದು ಅಂಚಿಗೆ ಹೋಗಿ ನಿಂತಿತು. ಭಾವ ಹೊಡೆದರು. ಅದೇ ಅಂಚು, ನನ್ನ ಚೆಂಡಿನ ಪಕ್ಕ. ಮಾಲೀಕ ಕೈ ಕಟ್ಟಿಕೊಂಡು ನಿಂತಿದ್ದ. ಮತ್ತೆ ಹೊಡೆದೆವು. ಮತ್ತೆ ಅಲ್ಲಿಗೇ.

"ಒಂಬತ್ತರಲ್ಲೂ ಹೀಗೇ," ಅಂದ ಮಾಲೀಕ. "ಎಲ್ಲಾ ಬಾರ್ ಕಡೆಗೆ. ಬಂದವ್ರು ತಮಾಷೆ ಮಾಡ್ತಾರೆ, ಚೆಂಡಿಗೂ ಬಾಯಾರಿಕೆನಾ ಅಂತ. ಮೊದ್ಲು ನಾನೂ ನಗ್ತಿದ್ದೆ. ಈಗ ಎರಡನೇ ಸಲ ಯಾರೂ ಬರ್ತಾ ಇಲ್ಲ."

ಅಕ್ಕ ನನ್ನ ಕೈಯಿಂದ ಕೋಲು ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಗುಂಡಿಯ ಕಡೆ ಗುರಿ ಇಡಲಿಲ್ಲ. ಒಂದು ಮೊಳ ಎಡಕ್ಕೆ, ಖಾಲಿ ಜಾಗಕ್ಕೆ ಇಟ್ಟು, ಮೆಲ್ಲಗೆ ತಳ್ಳಿದಳು. ಚೆಂಡು ಎಡಕ್ಕೆ ಹೋಯಿತು, ನಿಧಾನಕ್ಕೆ ಬಲಕ್ಕೆ ಬಾಗಿತು, ಗುಂಡಿಯೊಳಗೆ ಬಿತ್ತು.

ಕಾಲೇಜು ಹುಡುಗಿಯರು ಚಪ್ಪಾಳೆ ಹೊಡೆದರು. ಅಕ್ಕ ನಗಲಿಲ್ಲ. ಕೋಲು ಕೊಟ್ಟು ಭಾವನನ್ನು ನೋಡಿದಳು.

"ಇದ್ಕೇ ಕರ್ದವ್ರಾ?" ಅಂದಳು.

ಮಾಲೀಕನೇ ಹೇಳಿದ, ಸೋಮವಾರ ನೆಲ ಒಡೆಯುವುದನ್ನು, ಬೆಂಗಳೂರಿನವರು ಬರುವುದನ್ನು. ಹೇಳುವಾಗ ಮರ್ಯಾದೆಯಿಂದಲೇ ಹೇಳಿದ. ಅವನ ಕೈಯಲ್ಲಿ ನೆಲದ ನಕ್ಷೆ ಇತ್ತು. ನಕ್ಷೆಯಲ್ಲಿ ಇಳಿಜಾರು ಎಂಬಲ್ಲಿ ಸೊನ್ನೆ ಬರೆದಿತ್ತು.

"ಮಟ್ಟ ನೋಡನ," ಅಂದರು ಭಾವ. ಬ್ಯಾಗಿನಿಂದ ಪೈಪು ತೆಗೆದರು. ಬಾರಿನವನು ನೀರು ಕೊಟ್ಟ. ಕಾಣಲಿ ಎಂದು ಅದಕ್ಕೆ ಒಂದಿಷ್ಟು ನೀಲಿ ಶರಬತ್ತನ್ನೂ ಬೆರೆಸಿದ. ಯಾರೂ ಕೇಳದೆ ಆಡುವವರು ಗೋಡೆಗೆ ಸರಿದರು. ಭಾವ ಬಾಗಿಲ ಪಕ್ಕ ಗೋಡೆಗೆ ಪೈಪಿನ ಒಂದು ತುದಿ ಹಿಡಿದು ನಿಂತರು. ಅಕ್ಕ ಇನ್ನೊಂದು ತುದಿ ಹಿಡಿದು, ಪಟ್ಟಿಗಳನ್ನು ದಾಟುತ್ತ ಹತ್ತು ಅಡಿ ನಡೆದಳು.

"ಏರ್ಸು," ಅಂದರು ಭಾವ. "ಇನ್ನೊಸಿ. ಇಳ್ಸು. ನಿಲ್ಸು."

ಅವರು ಕೆಲಸ ಮಾಡುವಾಗ ಇದಕ್ಕಿಂತ ಹೆಚ್ಚು ಮಾತು ನಾನು ಎಂದೂ ಕೇಳಿಲ್ಲ. ಅಕ್ಕ ನೀರಿನಿಂದ ನೆಲದವರೆಗೆ ಟೇಪು ಹಿಡಿದಳು. ಬಾಗಿಲಲ್ಲಿ ಇದ್ದುದಕ್ಕಿಂತ ಒಂದು ಬೆರಳು ಜಾಸ್ತಿ. ಇಪ್ಪತ್ತು ಅಡಿಗೆ ಎರಡು ಬೆರಳು. ಮೂವತ್ತಕ್ಕೆ ಮೂರು. ಬಾರಿನ ಕಟ್ಟೆಯ ಕೆಳಗೆ ನಾಲ್ಕು. ನಾನು ಒಂದೊಂದನ್ನೂ ಬರೆದುಕೊಂಡೆ. ನೆಲ ಎಲ್ಲೂ ಉಬ್ಬಿರಲಿಲ್ಲ, ತಗ್ಗಿರಲಿಲ್ಲ. ಹತ್ತು ಅಡಿಗೆ ಸರಿಯಾಗಿ ಒಂದು ಬೆರಳಿನಂತೆ ಇಳಿದಿತ್ತು.

"ಇದು ತಪ್ಪಿ ಆಗಿರೋದಲ್ಲ ಮೇಸ್ತ್ರಿ," ಅಂದ ಮಾಲೀಕ. ಅವನು ದಡ್ಡನಲ್ಲ.

"ಅವ್ದು ಸಾ," ಅಂದರು ಭಾವ. "ನಾನೇ ಕೊಟ್ಟೆ. ಇಳಿಜಾರಿಲ್ದೆ ನೆಲ ಆಕಿ ಅಭ್ಯಾಸ ಇಲ್ಲ. ಕೈ ತಡೀಲಿಲ್ಲ."

ಫೋನಿನಲ್ಲಿ ನನಗೆ ಹೇಳಿದ್ದು ಕಣ್ಣು ಮೋಸ ಮಾಡಿತು ಎಂದು. ಈಗ ಹೇಳಿದ್ದು ಬೇರೆ. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ.

"ಸುಳ್ಳು ಸಾ," ಅಂದಳು ಅಕ್ಕ ಬಾರಿನ ಮೂಲೆಯಿಂದ. ಪೈಪಿನ ತುದಿ ಇನ್ನೂ ಅವಳ ಕೈಯಲ್ಲೇ ಇತ್ತು. "ಅವ್ರು ಮಟ್ಟನೇ ಇಡ್ಕಂಡಿದ್ರು. ಈ ಕಡೆ ಗೀಟು ಎಳ್ದೋಳು ನಾನು. ನೀರು ನಿಂತ ಜಾಗಕ್ಕೆ ಎಳೀಲಿಲ್ಲ. ಪ್ರತಿ ಗೀಟ್ನೂ ಬೆರಳು ಬೆರಳು ಕೆಳಕ್ಕೆ ಎಳ್ಕಂಡು ಬಂದೆ."

"ಅಮ್ಮಿ, ಸುಮ್ನಿರು," ಅಂದರು ಭಾವ.

"ನೀವು ಸುಮ್ನಿರಿ."

ಒಳಗೆ ಹಾಡು ನಡೆಯುತ್ತಿತ್ತು. ಬಾರಿನವನು ಅದನ್ನು ನಿಲ್ಲಿಸಿದ.

"ಯಾಕಮ್ಮ?" ಅಂದ ಮಾಲೀಕ.

ಅಕ್ಕ ಹೇಳಿದ್ದನ್ನು ಆದಷ್ಟೂ ಅವಳ ಮಾತಿನಲ್ಲೇ ಕೊಡುತ್ತೇನೆ. "ನನ್ನ ಮದ್ವೆ ಆದಾಗ ಇವ್ರು ಒಸಾ ಮೇಸ್ತ್ರಿ. ನಮ್ಮ ಮನೆ ನೆಲ ಇವ್ರೇ ಆಕುದ್ರು. ಎಂಗಾಕುದ್ರು ಗೊತ್ತಾ ಸಾ? ಗೋಲಿ ಬುಟ್ರೆ ಬುಟ್ಟ ಜಾಗ್ದಲ್ಲೇ ನಿಂತ್ಕಬೇಕು, ಅಂಗೆ. ಊರೋರ್ನೆಲ್ಲ ಕರ್ದು ಗೋಲಿ ಬುಟ್ಟು ತೋರಿಸ್ತಿದ್ರು. ಗೋಲಿ ನಿಂತ್ಕತು, ಸರಿ. ನೀರೂ ನಿಂತ್ಕತು. ಮೂವತ್ತು ವರ್ಷ ಬಗ್ಗಿ ಬಟ್ಟೇಲಿ ಒರ್ಸಿ ಒರ್ಸಿ ಬಕೆಟ್ಟಿಗೆ ಇಂಡಿದೀನಿ. ಈ ಗೋಡೌನ್ ನೋಡ್ದೆ. ನಲವತ್ತಡಿ. ಇಲ್ಲಿ ಕುಡ್ಯೋರು ಬತ್ತಾರೆ ಅಂದ್ರು. ಕುಡ್ದೋರು ಚೆಲ್ತಾರೆ. ಇದ್ನ ಒರ್ಸಕೆ ನೀವು ಬತ್ತೀರಾ? ಯಾವ್ದೋ ಹೆಣ್ಮಗಳು ಬತ್ತಾಳೆ. ಅವ್ಳ ಸೊಂಟ ಏನಾಗ್ಬೇಕು ಅಂತ, ಆ ಮೂಲೆ ಕಿಂಡಿ ಕಡೀಕೆ ಬೆರಳು ಬೆರಳು ಇಳಿಸ್ದೆ. ಚೆಂಡಾಡ್ತಾರೆ ಅಂತ ನಂಗೇನು ಗೊತ್ತು? ಆಟ ಅಂದ್ರು. ಕೇರಂ ಅಂದ್ಕಂಡೆ."

ಗೋಡೆಗೆ ಒರಗಿದ್ದವರಲ್ಲಿ ಯಾರೋ ನಕ್ಕರು. ಮಾಲೀಕನೂ ನಗು ತಡೆದುಕೊಂಡ. ಆದರೂ ಅವನ ಮಾತು ಬದಲಾಗಲಿಲ್ಲ. "ಅಮ್ಮ, ಒಳ್ಳೇ ಮನಸ್ಸಿಂದ ಮಾಡಿದೀರಿ. ಆದ್ರೆ ನಾನು ಚೆಂಡಾಟ ನಡೆಸೋನು. ಒಡೆಸದೆ ಬೇರೆ ದಾರಿ ಇಲ್ಲ."

ಬಾರಿನ ಹಿಂದಿನ ಬಾಗಿಲಲ್ಲಿ ಐವತ್ತರ ಆಸುಪಾಸಿನ ಹೆಂಗಸು ನಿಂತಿದ್ದಳು. ಕೈಯಲ್ಲಿ ಪೊರಕೆ. ಬೆಳಿಗ್ಗೆ, ಸಂಜೆ ಅಲ್ಲಿ ಸ್ವಚ್ಛ ಮಾಡುವವಳು.

"ಸಾ, ಒಡ್ಯೋದಾದ್ರೆ ನಂಗೆ ಇನ್ನೊಬ್ಳನ್ನ ಕೊಡಿ," ಅಂದಳು. "ಈಗ ಬಾಗ್ಲತ್ರ ನಿಂತ್ಕಂಡು ಎರಡು ಬಕೆಟ್ ನೀರು ಬುಡ್ತೀನಿ. ದಾರೀಲೇ ಅರ್ಕಂಡು ಕಿಂಡೀಗೋಯ್ತದೆ. ಪೊರಕೇಲಿ ಎರಡು ಸಲ ಎಳುದ್ರೆ ಮುಗೀತು. ಇಂಥ ನೆಲ ನಾನು ಎಲ್ಲೂ ನೋಡಿಲ್ಲ. ಯಾರೋ ಪುಣ್ಯಾತ್ಮ ಆಕವ್ನೆ ಅಂದ್ಕತಿದ್ದೆ."

"ಪುಣ್ಯಾತ್ಮ ಅಲ್ಲ, ಇವ್ಳು," ಅಂದರು ಭಾವ.

ಆ ಹೆಂಗಸು ಅಕ್ಕನನ್ನು ನೋಡಿದಳು. ಅಕ್ಕ ಪೈಪು ಸುತ್ತತೊಡಗಿದಳು.

ಭಾವ ನಿಧಾನಕ್ಕೆ ಮಾಲೀಕನ ಹತ್ತಿರ ಬಂದರು. ಅವರ ದನಿ ಕೆಲಸದ ದನಿಯಾಗಿತ್ತು. "ಸಾ, ದಾರಿ ಇಂಗೇ ಇರ್ಲಿ. ಉಲ್ಲಿನ ಪಟ್ಟಿ ಎತ್ತಿ, ಅದ್ರ ಕೆಳಕ್ಕೆ ಮಾತ್ರ ತೆಳ್ಳಗೆ ಗಾರೆ ಎಳ್ದು ಮಟ್ಟ ಮಾಡ್ಕೊಡ್ತೀನಿ. ಒಂದೊಂದು ಪಟ್ಟಿನೂ ಒಂದೊಂದು ಮಣೆ ಆಯ್ತದೆ. ಸೋಮವಾರ ನಿಮ್ಗೆ ರಜ ತಾನೆ? ಸೋಮವಾರಕ್ಕೊಂದು. ವಾರ ಒಣುಗ್ಲಿ. ಆಟನೂ ನಿಲ್ಲಲ್ಲ."

"ನಿಮಗೆ ಮಂಡಿ ನೋವು ಅಂತಿದ್ರಿ."

"ಇವ್ಳ ಹೆಗಲು ಅದೆಯಲ್ಲ."

ಮಾಲೀಕ ನಕ್ಷೆಯನ್ನು ಮಡಚಿದ. ಸ್ವಲ್ಪ ಹೊತ್ತು ಒಂಬತ್ತು ಪಟ್ಟಿಗಳನ್ನೂ ನೋಡಿದ. "ಮೊದ್ಲು ಒಂದು ಮಾಡಿ ತೋರಿಸಿ," ಅಂದ. "ಅದು ಸರಿ ಬಂದ್ರೆ ಮುಂದಿನದು. ಬರದೇ ಇದ್ರೆ ಒಡೆಸ್ತೀನಿ." ನಮ್ಮ ಎದುರಿಗೇ ಬೆಂಗಳೂರಿಗೆ ಫೋನ್ ಮಾಡಿ ಸೋಮವಾರ ಬರುವುದು ಬೇಡ ಎಂದ. ಬೇಡವೇ ಬೇಡ ಎನ್ನಲಿಲ್ಲ, ಈ ಸೋಮವಾರ ಬೇಡ ಎಂದ.

ಹೊರಗೆ ಬಂದು ಆಟೋಗೆ ಕಾಯುತ್ತಾ ಮೆಟ್ಟಿಲ ಮೇಲೆ ಕೂತೆವು. ಭಾವ ಒಂದು ಕಾಲು ಚಾಚಿಕೊಂಡಿದ್ದರು. ಅಕ್ಕ ಅವರ ಮಂಡಿಯನ್ನು ಬೆರಳಿನಿಂದ ಒತ್ತುತ್ತಿದ್ದಳು.

"ನಂಗ್ಯಾಕೆ ಏಳ್ಲಿಲ್ಲ?" ಅಂದಳು.

"ಏಳಿದ್ರೆ ನೀನು, ನಾನೇ ಮಾಡಿದ್ದು ಅಂತ ಬಂದು ನಿಂತ್ಕತಿದ್ದೆ."

"ಈಗ ನಿಂತ್ಕಳ್ಳಿಲ್ವಾ?"

ನಾನು ಕೇಳಿದೆ, "ಬಾವ, ಅಕ್ಕ ಗೀಟು ಇಳಿಸಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ಎರಡನೇ ಗೀಟಿಗೆ," ಅಂದರು. "ಗಾರೆ ಎಳೀವಾಗ ಕಾಲಿಗೆ ಗೊತ್ತಾಗಲ್ವಾ?"

ಅಕ್ಕನ ಬೆರಳು ನಿಂತಿತು. "ಗೊತ್ತಿದ್ದೂ ಸುಮ್ಕಿದ್ರಾ?"

"ಏನೋ ಯೋಚ್ನೆ ಮಾಡೇ ಎಳ್ದಿರ್ತೀಯ ಅಂದ್ಕಂಡೆ," ಅಂದರು ಭಾವ. "ಅದಕ್ತಕ್ಕಂಗೆ ಎಳ್ಕಂಡೋದೆ."

ಅಕ್ಕ ಮತ್ತೆ ಒತ್ತತೊಡಗಿದಳು. ಆಮೇಲೆ, ಮನೆಯ ನೆಲದ ಮಾತು ಎತ್ತಿದ್ದು ಭಾವನೇ. "ಮೂವತ್ತು ವರ್ಷ ಒರ್ಸಿದೀನಿ ಅಂತ ಅಷ್ಟು ಜನ್ರ ಮುಂದೆ ಅಂದೆಯಲ್ಲ, ಒಂದಿನ ನನ್ನ ಮುಂದೆ ಅನ್ನಲಿಲ್ವಲ್ಲ ಅಮ್ಮಿ."

"ಊರೋರ್ನೆಲ್ಲ ಕರ್ದು ಗೋಲಿ ಬುಟ್ಟು ತೋರಿಸ್ತಿದ್ರಿ," ಅಂದಳು ಅಕ್ಕ. "ಎಂಗನ್ನದು?"

ಆಟೋ ಬಂತು. ಬಸ್ ನಿಲ್ದಾಣದಲ್ಲಿ ಅವರನ್ನು ತಿರುಮಕೂಡಲಿನ ಬಸ್ಸಿಗೆ ಹತ್ತಿಸಿ ನಾನು ಮೈಸೂರಿಗೆ ಹೊರಟೆ.

ಮೊದಲ ಸೋಮವಾರ ಮೂರನೇ ಪಟ್ಟಿಯನ್ನು ಎತ್ತಿದರು. ಆ ದಿನ ನಾನು ಇರಲಿಲ್ಲ. ಅಕ್ಕ ಫೋನಿನಲ್ಲಿ ಹೇಳಿದ ಪ್ರಕಾರ, ಗಾರೆ ಎಳೆದದ್ದು ಭಾವ, ಕೂತವರನ್ನು ಎಬ್ಬಿಸಿದ್ದು ಅವಳು ಮತ್ತು ಆ ಸ್ವಚ್ಛತೆಯ ಹೆಂಗಸು. ಗೀಟುಗಳನ್ನು ಎಳೆದದ್ದು ಯಾರು ಎಂದು ಕೇಳಿದೆ. "ನಾನೇ. ನೀರು ನಿಂತ ಜಾಗಕ್ಕೇ ಎಳ್ದಿದೀನಿ, ಬರ್ಕೊ," ಅಂದಳು. ಒಂದು ವಾರ ಒಣಗಿದ ಮೇಲೆ ಮಾಲೀಕ ಹುಲ್ಲು ಮತ್ತೆ ಅಂಟಿಸಿ, ಇಪ್ಪತ್ತು ಸಲ ಚೆಂಡು ಹೊಡೆದು ನೋಡಿದನಂತೆ. ಅದೇ ದಿನ ಮುಂದಿನ ಪಟ್ಟಿ ಎತ್ತಲು ಹೇಳಿದ.

ಫೆಬ್ರವರಿಯ ಒಂದು ಸೋಮವಾರ ಭಾವನಿಗೆ ಜ್ವರ ಬಂದು ಕೆಲಸ ನಿಂತಿತು. ಮರುವಾರ ಮತ್ತೆ ಶುರುವಾಯಿತು.

ಈ ಸೋಮವಾರಕ್ಕೆ ಏಳು ಪಟ್ಟಿಗಳ ಮಟ್ಟ ಮುಗಿದಿದೆ. ಎರಡು ಬಾಕಿ ಇವೆ. ನೆಲ ಒಡೆದಿಲ್ಲ.